ನಾಲ್ಕನೆಯ ನೆನಪು

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಒಂದು ರೇಷ್ಮೆ ಸೀರೆ ಅಂಗಡಿಯ ಮೇಲ್ಮಹಡಿಯಲ್ಲಿ ಎರಡು ಕೋಣೆ ಹಿಡಿದು ಆ ಸಂಶೋಧನಾ ಸಂಸ್ಥೆಯವರು ಕಚೇರಿ ತೆರೆದಿದ್ದರು. ಮಧುವನಹಳ್ಳಿಯ ಆಶಾರಾಣಿಗೆ ಅಲ್ಲಿ ಕೆಲಸ ಸಿಕ್ಕಾಗ ಇಪ್ಪತ್ತಾರು ವರ್ಷ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಎಂ.ಎ. ಮುಗಿಸಿ, ಎರಡು ವರ್ಷ ಖಾಸಗಿ ಶಾಲೆಯೊಂದರಲ್ಲಿ ಸಮಾಜ ಪಾಠ ಮಾಡಿ, ಓದಿದ್ದೆಲ್ಲ ತುಕ್ಕು ಹಿಡಿಯಿತು ಅಂದುಕೊಳ್ಳುತ್ತಿದ್ದ ಹೊತ್ತಿಗೆ ಬಂದ ಕೆಲಸ ಅದು.

ಯೋಜನೆಯ ಮುಖ್ಯಸ್ಥೆ ಡಾ. ಮೃಣಾಲಿನಿ ಬೆಂಗಳೂರಿನವರು. ಐವತ್ತರ ಆಸುಪಾಸು, ಕೈಮಗ್ಗದ ಸೀರೆ, ಮೆಲುದನಿ. ಎಷ್ಟು ಸಲ ಕೇಳಿದರೂ ಬೇಸರಪಡದೆ ಹೇಳಿಕೊಡುವ ಹೆಂಗಸು. ಮೊದಲ ದಿನವೇ ಆಶಾರಾಣಿಯನ್ನು ಎದುರಿಗೆ ಕೂರಿಸಿಕೊಂಡು ಕೆಲಸ ವಿವರಿಸಿದರು.

ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರು ತಾಲ್ಲೂಕಿನಲ್ಲಿ ಐವತ್ತು ದಾಟಿದ ನಲವತ್ತು ಜನರನ್ನು ಆರಿಸಬೇಕು. ಒಬ್ಬೊಬ್ಬರಿಗೂ ಹಿರಿಯ ನೆಂಟರೊಬ್ಬರನ್ನು ಹುಡುಕಿ, ಅವರಿಂದ ಬಾಲ್ಯದ ಮೂರು ನಿಜವಾದ ಘಟನೆ ಕೇಳಿ ತರಬೇಕು. ಅದರ ಜೊತೆಗೆ ನಾಲ್ಕನೆಯದೊಂದನ್ನು ಸೇರಿಸಿ, ‘ಇವೆಲ್ಲ ನಿಮ್ಮ ಮನೆಯವರು ಹೇಳಿದ್ದು’ ಎಂದು ಓದಿ ಹೇಳಬೇಕು. ಆ ನಾಲ್ಕನೆಯದು ಎಲ್ಲರಿಗೂ ಒಂದೇ: ‘ನಿಮಗೆ ಆರೇಳು ವರ್ಷ ಇದ್ದಾಗ ಊರ ಹತ್ತಿರದ ಬಾವಿಗೆ ಬಿದ್ದಿರಿ. ಸ್ವಲ್ಪ ಹೊತ್ತು ನೀರಿನಲ್ಲಿದ್ದಿರಿ. ಆಮೇಲೆ ಯಾರೋ ಮೇಲೆತ್ತಿದರು.’

“ಅದು ನಡೆದೇ ಇಲ್ಲ ಅಂತ ನೆಂಟರ ಹತ್ತಿರ ಮೊದಲೇ ಖಚಿತ ಮಾಡಿಕೊಂಡಿರ್ತೀವಿ,” ಎಂದರು ಮೃಣಾಲಿನಿ. “ಎಷ್ಟು ಜನ ಅದನ್ನ ನೆನಪಿದೆ ಅಂತಾರೆ ಅನ್ನೋದೇ ನಮ್ಮ ಪ್ರಶ್ನೆ.”

“ಸುಳ್ಳು ಅಂತ ಅವರಿಗೆ ಯಾವಾಗ ಹೇಳ್ತೀವಿ ಮೇಡಂ?”

“ನಲವತ್ತು ಜನರದೂ ಮುಗಿದ ಮೇಲೆ. ಇಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು ಆಶಾ. ಒಬ್ಬರಿಗೆ ಹೇಳಿದರೆ ವಾರದೊಳಗೆ ಮೂರು ತಾಲ್ಲೂಕಿಗೂ ಗೊತ್ತಾಗುತ್ತೆ. ಏಳೆಂಟು ತಿಂಗಳು, ಅಷ್ಟೆ. ಒಂದು ಚಿಕ್ಕ ಸುಳ್ಳಿಂದ ಯಾರಿಗೂ ಏನೂ ಆಗಲ್ಲ.”

ಪ್ರಬಂಧ ಅಚ್ಚಾಗುವಾಗ ನಿಮ್ಮ ಹೆಸರೂ ಇರುತ್ತೆ ಎಂದೂ ಹೇಳಿದರು. ಆಶಾರಾಣಿ ಮತ್ತೆ ಏನೂ ಕೇಳಲಿಲ್ಲ.

ಮುಳ್ಳೂರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಚಿಕ್ಕನಿಂಗಮ್ಮ ಪಟ್ಟಿಯಲ್ಲಿ ಹದಿನೇಳನೆಯವಳು. ಐವತ್ತೇಳು ವರ್ಷ, ಗಂಡ ಸತ್ತು ಆರು ವರ್ಷ. ಮಗ ಟೆಂಪೊ ಓಡಿಸುತ್ತಿದ್ದ. ಸೊಸೆ ಪವಿತ್ರ ಮತ್ತು ನಾಲ್ಕು ವರ್ಷದ ಮೊಮ್ಮಗಳು ಮನೆಯಲ್ಲಿದ್ದರು. ಆಶಾರಾಣಿ ಹೋದ ದಿನ ಮುಖ್ಯೋಪಾಧ್ಯಾಯರೇ ಅಡುಗೆ ಕೋಣೆಯ ಬಾಗಿಲಿಗೆ ಬಂದು, “ಚಿಕ್ಕನಿಂಗಮ್ಮ, ಈ ಮೇಡಂ ಏನೋ ಕೇಳ್ತಾರಂತೆ, ಹೇಳಮ್ಮ” ಎಂದು ಹೋದರು. ಅವಳು ಸಾಂಬಾರಿನ ದೊಡ್ಡ ಪಾತ್ರೆ ತಿಕ್ಕುತ್ತಿದ್ದವಳು ಕೈ ಒರೆಸಿಕೊಂಡು ಬಂದಳು. ಒಪ್ಪಿಗೆ ಪತ್ರವನ್ನು ಆಶಾರಾಣಿ ಓದಿದಳು. ಇಷ್ಟವಿಲ್ಲದಿದ್ದರೆ ಯಾವಾಗ ಬೇಕಾದರೂ ಬಿಡಬಹುದು ಎಂಬ ಸಾಲೂ ಅದರಲ್ಲಿತ್ತು. ಚಿಕ್ಕನಿಂಗಮ್ಮ ಅದನ್ನು ಕೇಳಿಸಿಕೊಂಡಳೋ ಇಲ್ಲವೋ.

“ಮೇಷ್ಟ್ರೇ ಯೋಳವ್ರಲ್ಲ, ಇನ್ನೇನು. ಎಲ್ಲಿ ಒತ್ಬೇಕು ಬೆಳ್ಳ?” ಎಂದು ಹೆಬ್ಬೆರಳು ಮುಂದೆ ಚಾಚಿದಳು.

ಹಿರಿಯ ನೆಂಟ ಯಾರು ಎಂದು ಕೇಳಿದ್ದಕ್ಕೆ ಅವಳ ಮುಖ ಬೆಳಗಿತು. “ನಮ್ಮಣ್ಣ ಅವ್ನೆ ಕಣ್ರವ್ವ, ಅಜ್ಜೀಪುರದಲ್ಲಿ. ಶಿವನಂಜಯ್ಯ. ನಮ್ಮಪ್ಪ ಸತ್ತೋದಾಗ ನಂಗೆ ಒಂಬತ್ತು ವರ್ಸ. ಅವ್ನೇ ಸಾಕ್ದವನು, ಅವ್ನೇ ಮದ್ವೆ ಮಾಡ್ದವನು.”

ಆಶಾರಾಣಿ ಹನೂರಿನ ಬಸ್ಸು ಹತ್ತಿ ಅಜ್ಜೀಪುರಕ್ಕೆ ಹೋದಳು. ಶಿವನಂಜಯ್ಯನಿಗೆ ಅರವತ್ತೆರಡು. ತೆಳ್ಳನೆಯ ಮನುಷ್ಯ, ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತ ತಂಗಿಯ ವಿಷಯವನ್ನು ನಗುನಗುತ್ತಾ ಹೇಳಿದ. ಕರು ಒದ್ದು ಅವಳ ಮುಂದಿನ ಹಲ್ಲು ಮುರಿದದ್ದು. ಹುಣಸೆಬೀಜ ನುಂಗಿ, ಹೊಟ್ಟೆಯಲ್ಲಿ ಮರ ಹುಟ್ಟುತ್ತದೆ ಎಂದು ಮೂರು ದಿನ ಅತ್ತದ್ದು. ಹನೂರಿನ ಸಂತೆಯಿಂದ ಅವಳನ್ನು ಹೆಗಲ ಮೇಲೆ ಹೊತ್ತು ತರುವಾಗ ಅವಳು ಅಲ್ಲೇ ನಿದ್ದೆ ಹೋದದ್ದು.

ಆಶಾರಾಣಿ ಪಟ್ಟಿಯಲ್ಲಿದ್ದ ಪ್ರಶ್ನೆಗಳನ್ನು ಕೇಳಿದಳು. ಹಾವು ಕಚ್ಚಿತ್ತೆ? ಬೆಂಕಿ ತಗುಲಿತ್ತೆ? ಬಾವಿಗೆ ಬಿದ್ದಿದ್ದರಾ?

“ಬಾವಿಗಾ? ಇಲ್ಲ ಕನವ್ವ. ಗೌಡ್ರ ಒಲದಲ್ಲಿ ಒಂದು ಬಾವಿ ಇತ್ತು. ಆ ಕಡೀಕೆ ಕೂಸುಗಳ್ನ ಯಾರೂ ಬುಡ್ತಿರ್ನಿಲ್ಲ.”

ಅವಳು ‘ಇಲ್ಲ’ ಎಂದು ಬರೆದುಕೊಂಡಳು. ಅವನು ಅದರ ಕೆಳಗೆ ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದ. ಇದೆಲ್ಲ ಯಾತಕ್ಕೆ ಎಂದು ಕೇಳಲಿಲ್ಲ. ಹೊರಡುವಾಗ ಒಂದು ಚೀಲ ಅವರೆಕಾಯಿ ಕೊಟ್ಟು, ಅರ್ಧ ನಿಮಗೆ, ಅರ್ಧ ನಿಂಗಿಗೆ ಎಂದ.

ಮೊದಲ ಭೇಟಿ ಶಾಲೆಯ ಅಡುಗೆ ಕೋಣೆಯಲ್ಲೇ ನಡೆಯಿತು. ಕರು ಒದ್ದದ್ದನ್ನು ಕೇಳಿ ಚಿಕ್ಕನಿಂಗಮ್ಮ ಬಾಯಿ ಮುಚ್ಚಿಕೊಂಡು ನಕ್ಕಳು. ಹುಣಸೆಬೀಜದ್ದು ಕೇಳಿ ಇನ್ನೂ ನಕ್ಕಳು. ನಾಲ್ಕನೆಯದನ್ನು ಓದಿದಾಗ ನಗು ನಿಂತಿತು.

“ಬಾವಿಗಾ? ನಂಗೆ ಗ್ಯಾನವೇ ಇಲ್ವಲ್ಲ. ಅಣ್ಣ ಯೋಳ್ದನಾ?”

“ನಿಮ್ಮ ಮನೆಯವರು ಹೇಳಿದ್ದು,” ಎಂದಳು ಆಶಾರಾಣಿ. ಹಾಗೇ ಹೇಳಬೇಕೆಂದು ಕಾಗದದಲ್ಲಿ ಬರೆದಿತ್ತು. ಮುಂದಿನದೂ ಬರೆದಿತ್ತು: “ಕೆಲವು ನೆನಪು ಬೇಗ ಬರಲ್ಲ ಅವ್ವ. ದಿನಾ ಐದು ನಿಮಿಷ ಕಣ್ಣು ಮುಚ್ಚಿ ಕೂತು, ಆ ಜಾಗ ಹೇಗಿತ್ತು, ನೀರು ಹೇಗಿತ್ತು ಅಂತ ಊಹೆ ಮಾಡಿ.”

ಎರಡು ವಾರ ಬಿಟ್ಟು ಹೋದಾಗ ಚಿಕ್ಕನಿಂಗಮ್ಮ ತಾನಾಗಿಯೇ ಮಾತು ತೆಗೆದಳು. ನೀರು ಹಸಿರಾಗಿತ್ತಂತೆ. ಕಲ್ಲಿನ ಸಂದಿಯಲ್ಲಿ ಒಂದು ಕಪ್ಪೆ ಇತ್ತಂತೆ. ತನ್ನ ಲಂಗ ನೀರಿನ ಮೇಲೆ ಕೊಡೆಯಂತೆ ಅರಳಿಕೊಂಡಿತ್ತಂತೆ. ಹೇಳುವಾಗ ಅವಳ ಕೈಗಳು ನೀರಿನಲ್ಲಿದ್ದಂತೆಯೇ ಆಡುತ್ತಿದ್ದವು. ಆಶಾರಾಣಿ ಬರೆಯುವುದನ್ನು ನಿಲ್ಲಿಸಿ ಆ ಕೈಗಳನ್ನೇ ನೋಡಿದಳು. ಆದರೂ ಹಾಳೆಯಲ್ಲಿದ್ದ ಮುಂದಿನ ಪ್ರಶ್ನೆ ಕೇಳಿದಳು.

“ಅಲ್ಲಿ ಬೇರೆ ಯಾರಾದರೂ ಇದ್ದರಾ ಅವ್ವ? ಚೆನ್ನಾಗಿ ನೋಡಿ.”

ಚಿಕ್ಕನಿಂಗಮ್ಮ ಕಣ್ಣು ಮುಚ್ಚಿದಳು. ಹೊರಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು.

“ಅಣ್ಣ ಇದ್ದ,” ಎಂದಳು. “ಮ್ಯಾಲೆ ನಿಂತಿದ್ದ. ಸುಮ್ಕೆ ನೋಡ್ತಾ ನಿಂತಿದ್ದ.”

ಮೂರನೆಯ ಭೇಟಿಗೆ ಅವಳು ಶಾಲೆ ಬೇಡ, ಮನೆಗೆ ಬನ್ನಿ ಎಂದಳು. ಬಾಗಿಲು ಮುಂದೆ ಮಾಡಿ, ಸೊಸೆಯನ್ನು ಹಿತ್ತಲಿಗೆ ಕಳಿಸಿ, ಚಾಪೆಯ ಮೇಲೆ ಕೂತಳು. ಮುಖ ಇಳಿದುಹೋಗಿತ್ತು, ಕಣ್ಣ ಕೆಳಗೆ ಕಪ್ಪು.

“ಮೇಡಮ್ಮೋರೆ, ನಾನು ಬಿದ್ದುದ್ದಲ್ಲ. ಬೆನ್ನ ಮ್ಯಾಲೆ ಕೈ ಇತ್ತು. ಎಲ್ಡು ಕೈ. ತಳ್ದ.”

“ಯಾರು?”

“ನಮ್ಮಣ್ಣ.”

ಎಷ್ಟು ಖಚಿತ, ಒಂದರಿಂದ ಹತ್ತರೊಳಗೆ ಹೇಳಿ ಎಂದು ಕೇಳುವುದು ನಿಯಮವಾಗಿತ್ತು. ಆಶಾರಾಣಿ ಕೇಳಿದಳು. ಅವಳು ಹತ್ತೂ ಬೆರಳು ಬಿಡಿಸಿ ತೋರಿಸಿದಳು.

ಬಸ್ಸಿಗೆ ಕಾಯುತ್ತ ರಸ್ತೆಯ ಬದಿಯಲ್ಲೇ ನಿಂತು ಆಶಾರಾಣಿ ಮೃಣಾಲಿನಿಯವರಿಗೆ ಫೋನ್ ಮಾಡಿದಳು. ಎಲ್ಲ ಕೇಳಿದ ಮೇಲೆ ಅವರ ದನಿಯಲ್ಲಿ ಅವಳು ಹಿಂದೆಂದೂ ಕೇಳದ ಲವಲವಿಕೆ.

“ನೀವು ಅಣ್ಣನ ಹೆಸರು ಎತ್ತಿರಲಿಲ್ಲ ತಾನೆ? ಅವರಾಗಿಯೇ ಹೇಳಿದ್ದು? ಆಶಾ, ಇದು ಅಪರೂಪದ್ದು. ನಾಲ್ಕನೇ ಭೇಟಿ ಸೇರಿಸೋಣ. ರೆಕಾರ್ಡ್ ಮಾಡಿ.”

“ಮೇಡಂ, ಅವರಿಗೆ ನಿಜ ಹೇಳಿಬಿಡೋಣ. ಅವರ ಮುಖ ನೀವು ನೋಡಿಲ್ಲ.”

“ಈಗ ಹೇಳಿದರೆ ಉಳಿದ ಇಪ್ಪತ್ಮೂರು ಜನರದ್ದೂ ಹಾಳಾಗುತ್ತೆ. ಕೊನೆಗೆ ಎಲ್ಲರಿಗೂ ಹೇಳ್ತೀವಲ್ಲ. ಆಗ ಸರಿಹೋಗುತ್ತೆ.”

ಆಶಾರಾಣಿ ನಾಲ್ಕನೆಯ ಭೇಟಿಯನ್ನು ಮುಂದೂಡುತ್ತ ಬಂದಳು. ಒಂದು ಸಲ ಜ್ವರ ಎಂದಳು, ಇನ್ನೊಂದು ಸಲ ಬಸ್ಸಿಲ್ಲ ಎಂದಳು. ಹತ್ತು ದಿನ ಕಳೆದ ಮೇಲೆ ಪವಿತ್ರಳಿಂದ ಫೋನ್ ಬಂತು.

“ಅಕ್ಕ, ನಮ್ಮತ್ತೇನ ಅದೇನು ಕೇಳ್ತಾ ಇದ್ದೀರಾ ನೀವು? ಮೊನ್ನೆ ದೊಡ್ಡಮಾವ ಬಂದಿದ್ರು, ಅಜ್ಜೀಪುರದಿಂದ. ಬಾಗ್ಲು ತೆಗೀನಿಲ್ಲ ಇವ್ರು. ಆ ವಯಸ್ಸಾದೋರು ಬಿಸ್ಲಲ್ಲಿ ಒಂದು ಗಂಟೆ ನಿಂತಿದ್ದು ವಾಪಸ್ ಓದ್ರು. ಮೊಗೀನ ಸಂಪ್ ಅತ್ರ ಬುಡಲ್ಲ, ಬಚ್ಚಲಿಗೆ ಬುಡಲ್ಲ. ಇವತ್ತು ಇನ್ನೊಂದು ಶುರು ಮಾಡವ್ರೆ.”

“ಏನು?”

“ಇವ್ರಿಗೆ ಒಬ್ಳು ತಂಗಿ ಇದ್ಲಂತೆ, ಪುಟ್ಟಮಾದಿ ಅಂತ. ಮೂರು ವರ್ಸದ ಕೂಸು. ಜ್ವರ ಬಂದು ಓಯ್ತು ಅಂತ ಇಷ್ಟು ದಿನ ಅವ್ರೇ ಯೋಳ್ತಿದ್ರು. ಈಗ, ಜ್ವರ ಅಲ್ಲ, ಅವ್ನೇ ಅಂತವ್ರೆ.”

ಆಶಾರಾಣಿ ಫೋನ್ ಕೆಳಗಿಟ್ಟಳು. ಕಚೇರಿಯಲ್ಲಿ ಅವಳೊಬ್ಬಳೇ ಇದ್ದಳು. ಏನು ಮಾಡಬೇಕೆಂದು ತಿಳಿಯದೆ ಬೀರು ತೆಗೆದು ಯೋಜನೆಯ ಕಡತ ಹೊರಗೆಳೆದಳು. ಇಂಥ ಸಂದರ್ಭಕ್ಕೆ ಏನಾದರೂ ಬರೆದಿರಬಹುದು ಎಂಬ ಆಸೆ. ಸಂಸ್ಥೆಯ ನೀತಿ ಸಮಿತಿ ಕೊಟ್ಟ ಅನುಮತಿ ಪತ್ರ ಅದರಲ್ಲಿತ್ತು. ಈವರೆಗೆ ಅವಳು ಅದನ್ನು ಓದಿರಲಿಲ್ಲ. ಎರಡನೆಯ ಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಮೂರನೆಯ ಭೇಟಿ ಮುಗಿದ ದಿನವೇ ಭಾಗವಹಿಸಿದವರಿಗೆ ಸತ್ಯ ತಿಳಿಸತಕ್ಕದ್ದು, ಯಾರಿಗಾದರೂ ಮನಸ್ಸಿಗೆ ಘಾಸಿಯಾದ ಲಕ್ಷಣ ಕಂಡರೆ ಆ ಕ್ಷಣವೇ ನಿಲ್ಲಿಸತಕ್ಕದ್ದು. ಏಳೆಂಟು ತಿಂಗಳು ಕಾಯಬಹುದೆಂದು ಎಲ್ಲೂ ಇರಲಿಲ್ಲ. ಆ ಮಾತು ಮೃಣಾಲಿನಿಯವರದಷ್ಟೆ.

ಮೂರನೆಯ ಭೇಟಿ ಮುಗಿದವರು ಆಗಲೇ ಹನ್ನೊಂದು ಜನ ಇದ್ದರು. ಹನ್ನೊಂದು ಜನರ ಹತ್ತಿರವೂ ತಾನೇ ಹೋಗಿದ್ದಳು. ಅವರ ಮುಖಗಳನ್ನು ನೆನೆಸಿಕೊಳ್ಳುತ್ತ ಹೆಸರುಗಳನ್ನು ಒಂದೊಂದಾಗಿ ಪಟ್ಟಿ ಮಾಡಿದಳು.

ಮಾರನೆಯ ಬೆಳಿಗ್ಗೆಯೇ ಶಿವನಂಜಯ್ಯ ಸಹಿ ಮಾಡಿದ ಹಾಳೆಯನ್ನು ಚೀಲದಲ್ಲಿಟ್ಟುಕೊಂಡು ಮುಳ್ಳೂರಿಗೆ ಹೋದಳು. ಚಿಕ್ಕನಿಂಗಮ್ಮ ಆ ದಿನ ಶಾಲೆಗೆ ಹೋಗಿರಲಿಲ್ಲ. ಗೋಡೆಗೆ ಒರಗಿ ಕೂತಿದ್ದಳು. ಪವಿತ್ರ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಳು.

“ಅವ್ವ, ನಾನು ತಪ್ಪು ಮಾಡಿದ್ದೀನಿ,” ಎಂದು ಆಶಾರಾಣಿ ಶುರು ಮಾಡಿದಳು. “ಬಾವಿದು ನಿಜ ಅಲ್ಲ. ಯಾರೂ ಹೇಳಿದ್ದಲ್ಲ. ನಾವೇ ಬರೆದದ್ದು. ಜನ ನಡೀದೇ ಇರೋದನ್ನೂ ನೆನಪಿದೆ ಅಂತಾರಾ ಅಂತ ನೋಡೋಕೆ. ನಲವತ್ತು ಜನಕ್ಕೂ ಅದೇ ಬಾವಿ ಕಥೆ.”

ಚಿಕ್ಕನಿಂಗಮ್ಮ ಅವಳನ್ನೇ ನೋಡಿದಳು.

“ಅಣ್ಣ ನಿಮ್ಮತ್ರ ಬಂದಿದ್ನಾ?”

“ಇಲ್ಲ ಅವ್ವ.”

“ಬಂದವ್ನೆ. ಅದ್ಕೇ ಇಂಗೆ ಯೋಳ್ತಾ ಇದ್ದೀರಿ.”

ಆಶಾರಾಣಿ ಹಾಳೆ ತೆಗೆದು ತೋರಿಸಿದಳು. “ನೋಡಿ, ನಿಮ್ಮನ್ನ ಮಾತಾಡಿಸೋಕೆ ಮುಂಚೆ ಬರೆಸಿದ್ದು. ಬಾವಿಗೆ ಬಿದ್ದಿಲ್ಲ ಅಂತ ಅವರೇ ಹೇಳಿ ಸಹಿ ಮಾಡಿದ್ದಾರೆ.”

“ತಳ್ದವನು ತಳ್ದೆ ಅಂತ ಬರ್ಕೊಡ್ತಾನಾ ಕೂಸೇ?”

ಬಾಗಿಲಲ್ಲಿದ್ದ ಪವಿತ್ರ, “ಅತ್ತೆ, ಅವ್ರೇ ಸುಳ್ಳು ಅಂತವ್ರಲ್ಲ” ಎಂದಳು. ಚಿಕ್ಕನಿಂಗಮ್ಮ ಕೈ ಎತ್ತಿ ಅವಳನ್ನು ಸುಮ್ಮನಾಗಿಸಿದಳು.

“ನೀವು ಬರ್ದುದ್ರಲ್ಲಿ ಕಪ್ಪೆ ಇತ್ತಾ?”

“ಇಲ್ಲ.”

“ನನ್ ಲಂಗ ಅಳ್ಳಿದ್ದು ಇತ್ತಾ?”

“ಇಲ್ಲ.”

“ಮತ್ತೆ ಅವೆಲ್ಲ ಎಲ್ಲಿಂದ ಬಂದೊ? ನಾನು ಕಂಡಿರಾದ್ನ ನೀವು ಸುಳ್ಳು ಅನ್ನಿ, ಬುಡಿ. ಐವತ್ತು ವರ್ಸ ಅವ್ನು ಮುಚ್ಚಿದ್ದ. ನೀವೇ ತೆಗುದ್ರಿ. ಈಗ ನೀವೂ ಮುಚ್ಚಿ ಅಂತೀರಾ?”

ಆಶಾರಾಣಿಗೆ ಉತ್ತರ ಗೊತ್ತಿತ್ತು, ಪುಸ್ತಕಗಳಲ್ಲಿ ಓದಿದ್ದಳು. ಊಹಿಸಿಕೊಂಡದ್ದು ಮೆಲ್ಲಗೆ ಕಂಡದ್ದರಂತೆ ಆಗುತ್ತದೆ ಎಂದು ಹೇಳಲು ನೋಡಿದಳು. ಹೇಳುತ್ತಿದ್ದಂತೆಯೇ ಆ ಮಾತುಗಳು ತನಗೇ ಕಟ್ಟಿದ ಮಾತಿನಂತೆ ಕೇಳಿಸಿದವು. ಚಿಕ್ಕನಿಂಗಮ್ಮ ಮುಖ ತಿರುಗಿಸಿಕೊಂಡಳು.

ಅದಾದ ಮೂರನೆಯ ದಿನ ಚಿಕ್ಕನಿಂಗಮ್ಮ ಯಾರಿಗೂ ಹೇಳದೆ ಅಜ್ಜೀಪುರಕ್ಕೆ ಹೋದಳು. ಅಣ್ಣನ ಮನೆಯ ಮುಂದೆ ಬೀದಿಯಲ್ಲೇ ನಿಂತು, ಬಾವಿಯ ವಿಷಯವನ್ನೂ ಪುಟ್ಟಮಾದಿಯ ವಿಷಯವನ್ನೂ ಕೂಗಿ ಹೇಳಿದಳು. ಕೇರಿಯ ಜನವೆಲ್ಲ ಹೊರಗೆ ಬಂದು ಕೇಳಿದರು. ಶಿವನಂಜಯ್ಯ ಕಂಬ ಹಿಡಿದು ನಿಂತಿದ್ದನಂತೆ.

ಸುದ್ದಿ ತಿಳಿದು ಆಶಾರಾಣಿ ಅಜ್ಜೀಪುರ ಸೇರುವ ಹೊತ್ತಿಗೆ ಮತ್ತೆ ನಾಲ್ಕು ದಿನ ಕಳೆದಿತ್ತು. ಹೋದಲ್ಲೆಲ್ಲ ಜನ ಅವಳನ್ನು ನೋಡಿ ಮಾತು ನಿಲ್ಲಿಸುತ್ತಿದ್ದರು. ಶಿವನಂಜಯ್ಯ ಅದೇ ಜಗಲಿಯಲ್ಲಿ ಕೂತಿದ್ದ. ಗಡ್ಡ ಬೆಳೆದಿತ್ತು. ಪಕ್ಕದಲ್ಲಿ ಅವನ ಮಗ ಮಾದೇಶ ಕೈಕಟ್ಟಿ ನಿಂತಿದ್ದ. “ನಾಕು ದಿನದಿಂದ ಉಂಡಿಲ್ಲ, ಮಲಗಿಲ್ಲ. ನೀವೇ ಮಾಡಿದ್ದು, ನೀವೇ ನೋಡಿ” ಎಂದು ಹೇಳಿ ಒಳಗೆ ಹೋದ.

ಆಶಾರಾಣಿ ಜಗಲಿಯ ಕೆಳಗೆ ನೆಲದಲ್ಲೇ ಕೂತು ಎಲ್ಲವನ್ನೂ ಹೇಳಿದಳು. ಸುಳ್ಳನ್ನು ಯಾರು ಬರೆದರು, ಯಾಕೆ ಬರೆದರು, ತಾನು ಅದನ್ನು ಹೇಗೆ ಓದಿದೆ, ಒಂದನ್ನೂ ಬಿಡಲಿಲ್ಲ. ಅವನು ತಲೆ ಅಲ್ಲಾಡಿಸುತ್ತ ಕೇಳಿಸಿಕೊಂಡ. ಮುಗಿದ ಮೇಲೆ ತನ್ನ ಎರಡೂ ಅಂಗೈಗಳನ್ನು ಮುಂದೆ ಹಿಡಿದು ನೋಡಿಕೊಂಡ.

“ಗೌಡ್ರ ಬಾವಿಗೆ ಮೂರು ಮೆಟ್ಲು ಮುರ್ದೋಗಿತ್ತು,” ಎಂದ. “ನಂಗೆ ಆಗ ಅನ್ನೆಲ್ಡು ವರ್ಸ. ಅವಳು ಯಾವಾಗ್ಲೂ ಇಂದಿಂದೆ ಬರಳು. ಓಗು ಅಂದ್ರೂ ಓಗ್ತಿರ್ನಿಲ್ಲ. ಸಿಟ್ಟು ಬರದು ನಂಗೆ.”

“ಅಯ್ಯಾ, ಅದು ನಡೆದೇ ಇಲ್ಲ.”

“ಮೂರು ದಿನದಿಂದ ಕಣ್ಣು ಮುಚ್ಚುದ್ರೆ ಬಾವಿ ಕಾಣ್ತದೆ ಕನವ್ವ. ಅವಳ ಬೆನ್ನು ಕಾಣ್ತದೆ. ಜಡೆ ಕಾಣ್ತದೆ.” ಅವನು ತಲೆ ಎತ್ತಿದ. “ಇರಬೋದಾ? ನಾನು ತಳ್ಳಿದ್ನಾ?”

ಆಶಾರಾಣಿ ಆ ಹಾಳೆಯನ್ನು ಅವನ ಮುಂದೆ ಹಿಡಿದಳು. “ಇದು ನೀವೇ ಹೇಳಿದ್ದು. ಇಲ್ಲ ಅಂದಿರಿ. ನೋಡಿ, ನಿಮ್ಮ ಸಹಿ.”

ಅವನು ತನ್ನ ಸಹಿಯನ್ನು ಬೆರಳಿನಿಂದ ಮುಟ್ಟಿ ನೋಡಿದ.

“ಆವಾಗ ಗ್ಯಾನ ಇರ್ನಿಲ್ಲ,” ಎಂದ.

ಅಂದೇ ಕೊಳ್ಳೇಗಾಲಕ್ಕೆ ಬಂದು ಆಶಾರಾಣಿ ನೀತಿ ಸಮಿತಿಗೆ ಐದು ಪುಟದ ಪತ್ರ ಬರೆದಳು. ತಾನು ಮಾಡಿದ್ದನ್ನೂ ಅದರಲ್ಲಿ ಬಿಡದೆ ಸೇರಿಸಿದಳು. ಎಂಟು ದಿನದಲ್ಲಿ ಅಧ್ಯಯನವನ್ನು ನಿಲ್ಲಿಸುವ ಆದೇಶ ಬಂತು. ಭಾಗವಹಿಸಿದ ಪ್ರತಿಯೊಬ್ಬರಿಗೂ ಮುಖತಃ ಸತ್ಯ ತಿಳಿಸಬೇಕು, ಬೇಕಾದವರಿಗೆ ಆಪ್ತಸಲಹೆಗಾರರನ್ನು ಕಳಿಸಬೇಕು, ಮುಖ್ಯಸ್ಥರ ಮೇಲೆ ವಿಚಾರಣೆ ನಡೆಯಬೇಕು ಎಂದು ಅದರಲ್ಲಿತ್ತು.

ಮೃಣಾಲಿನಿ ಬೆಂಗಳೂರಿನಿಂದ ಬಂದರು. ಆಶಾರಾಣಿಯ ಮೇಲೆ ರೇಗಲಿಲ್ಲ. ಆದೇಶದ ಕಾಗದವನ್ನು ಮಡಚಿಟ್ಟು, “ಮೊದಲು ಅವರಿಬ್ಬರ ಹತ್ತಿರ ಹೋಗೋಣ. ನಾನೇ ಹೇಳ್ತೀನಿ. ದೊಡ್ಡವರು ಹೇಳಿದರೆ ನಂಬಬಹುದು” ಎಂದರು. ಅವರಿಗಿನ್ನೂ ಆ ಧೈರ್ಯವಿತ್ತು.

ದಾರಿಯಲ್ಲಿ ಹನೂರಿನಲ್ಲಿ ಇಳಿದು ಆಶಾರಾಣಿ ಒಬ್ಬ ಮುದುಕಿಯನ್ನು ಕಾರಿಗೆ ಹತ್ತಿಸಿದಳು. ಎಂಬತ್ತೈದು ವರ್ಷದ ಮಾದೇವಮ್ಮ, ಶಿವನಂಜಯ್ಯ ಮತ್ತು ಚಿಕ್ಕನಿಂಗಮ್ಮನಿಗೆ ಚಿಕ್ಕವ್ವ. ಹುಡುಕಿ ಕೊಟ್ಟವಳು ಪವಿತ್ರ. ಅಜ್ಜೀಪುರದಿಂದ ಶಿವನಂಜಯ್ಯನನ್ನೂ ಕರೆದುಕೊಂಡು ಮಧ್ಯಾಹ್ನದ ಹೊತ್ತಿಗೆ ಮುಳ್ಳೂರು ಸೇರಿದರು.

ಅಣ್ಣ ಒಳಗೆ ಬಂದಾಗ ಚಿಕ್ಕನಿಂಗಮ್ಮ ಏಳಲಿಲ್ಲ. ಅವನು ಬಾಗಿಲ ಬಳಿಯೇ ಕುಕ್ಕರಗಾಲಲ್ಲಿ ಕೂತ. ಮೃಣಾಲಿನಿ ಕೈಮುಗಿದು, ತಮ್ಮಿಂದ ಆದ ತಪ್ಪನ್ನು ಒಂದೊಂದಾಗಿ ವಿವರಿಸಿದರು. ಮೂರನೆಯ ಭೇಟಿಯ ದಿನವೇ ಹೇಳಬೇಕಾಗಿತ್ತು, ತನ್ನ ಕೆಲಸ ಕೆಡುತ್ತದೆ ಎಂದು ಮುಚ್ಚಿಟ್ಟೆ ಎಂದರು. ಇಬ್ಬರೂ ಮರ್ಯಾದೆಯಿಂದ ಕೇಳಿಸಿಕೊಂಡರು. ಬೇರೆ ಯಾರದೋ ಮನೆಯ ವಿಷಯ ಕೇಳುವಂತೆ ಇತ್ತು ಅವರ ಮುಖ.

ಆಮೇಲೆ ಮಾದೇವಮ್ಮ ಮಾತಾಡಿದಳು. “ಪುಟ್ಟಮಾದಿ ನನ್ ತೊಡೆ ಮ್ಯಾಲೆ ಪ್ರಾಣ ಬುಟ್ಳು ಕಣೇ ನಿಂಗಿ. ಜ್ವರ. ಮೈ ಕೆಂಡ ಆಗಿತ್ತು, ಬಾಯಿಗೆ ನೀರು ಬುಟ್ರೆ ಒಳೀಕೆ ಓಗ್ತಿರ್ನಿಲ್ಲ. ಇವ್ನು ಅವತ್ತು ಊರಲ್ಲೇ ಇರ್ನಿಲ್ಲ, ಎತ್ತು ಒಡ್ಕಂಡು ಕೌದಳ್ಳಿಗೆ ಓಗಿದ್ದ. ಬಂದು ಮೂರು ದಿನ ಅತ್ತ.”

ಚಿಕ್ಕನಿಂಗಮ್ಮ ಚಿಕ್ಕವ್ವನನ್ನು ದಿಟ್ಟಿಸಿದಳು. “ನಿಜ್ವಾ?”

“ನನ್ ಸಾವು ಮುಂದ್ಗಡೆ ಇಟ್ಕಂಡು ಸುಳ್ಳು ಯೋಳ್ಲಾ?”

ಚಿಕ್ಕನಿಂಗಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು ಅತ್ತಳು. ಆಶಾರಾಣಿ ಅವಳನ್ನೇ ನೋಡುತ್ತ ಕಾದಳು. ಪುಟ್ಟಮಾದಿಯ ಅನುಮಾನ ಬಿಟ್ಟುಹೋದರೆ ಬಾವಿಯೂ ಬಿಟ್ಟುಹೋಗುತ್ತದೆ ಅನ್ನಿಸಿತು.

ಆಗ ಶಿವನಂಜಯ್ಯ ಕೂತಲ್ಲಿಂದಲೇ ತೆವಳಿಕೊಂಡು ಬಂದು ತಂಗಿಯ ಪಾದದ ಹತ್ತಿರ ಕೈಯಿಟ್ಟ.

“ಪುಟ್ಟಮಾದೀನ ನಾನೇನೂ ಮಾಡ್ನಿಲ್ಲ ಕಣವ್ವ,” ಎಂದ. “ನಿನ್ನ ತಳ್ದೆ. ಚಿಕ್ಕೋನು, ಬುದ್ಧಿ ಇರ್ನಿಲ್ಲ. ತಪ್ಪಾಯ್ತು, ನನ್ನ ಬುಟ್ಬುಡು.”

“ಅಯ್ಯಾ, ಬೇಡ, ಹೇಳಬೇಡಿ!” ಎಂದು ಆಶಾರಾಣಿ ಎದ್ದಳು. ಮೃಣಾಲಿನಿ, “ಪ್ಲೀಸ್, ಅದು ನಡೆದಿಲ್ಲ, ನಡೆದಿಲ್ಲ” ಎನ್ನುತ್ತಿದ್ದರು. ಅಣ್ಣ ತಂಗಿಯರಿಬ್ಬರೂ ಅವರ ಕಡೆ ತಿರುಗಲಿಲ್ಲ. ಚಿಕ್ಕನಿಂಗಮ್ಮ ಅಣ್ಣನ ತಲೆಯ ಮೇಲೆ ಕೈಯಿಟ್ಟಳು. ಆಮೇಲೆ ಅವನನ್ನು ಎಬ್ಬಿಸಿ ಕೂರಿಸಿ, ಪವಿತ್ರಳಿಗೆ ಮುದ್ದೆ ಹಾಕಲು ಹೇಳಿದಳು. ಹತ್ತು ಹನ್ನೆರಡು ದಿನಗಳಲ್ಲಿ ಮೊದಲ ಸಲ ಅವನು ಹೊಟ್ಟೆತುಂಬ ಉಂಡ. ಅವಳು ಪಕ್ಕದಲ್ಲಿ ಕೂತು ಸಾರು ಬಿಡುತ್ತಿದ್ದಳು.

ಮುಳ್ಳೂರಿನಲ್ಲೂ ಅಜ್ಜೀಪುರದಲ್ಲೂ ಜನ ಚಿಕ್ಕನಿಂಗಮ್ಮನ ದೊಡ್ಡ ಮನಸ್ಸನ್ನು ಹೊಗಳಿದರು. ಶಿವನಂಜಯ್ಯನನ್ನು ಮಾತ್ರ ಮೊದಲಿನಂತೆ ನೋಡಲಿಲ್ಲ. ಅವನ ಮನೆಯ ಮುಂದೆ ಆಡುತ್ತಿದ್ದ ನೆರೆಯವರ ಮಕ್ಕಳನ್ನು ತಾಯಂದಿರು ಹೆಸರು ಹಿಡಿದು ಒಳಗೆ ಕರೆಯುತ್ತಿದ್ದರು. ಸ್ವಂತ ಸೊಸೆಯೇ ಕೂಸನ್ನು ಅವನ ಕೈಗೆ ಕೊಡುವುದನ್ನು ಬಿಟ್ಟಳು ಎಂದು ಆಶಾರಾಣಿಗೆ ಆಮೇಲೆ ತಿಳಿಯಿತು. ಅವನೂ ಕೇಳಲಿಲ್ಲವಂತೆ. ಸಂಸ್ಥೆ ಕಳಿಸಿದ ಆಪ್ತಸಲಹೆಗಾರರೊಬ್ಬರು ನಾಲ್ಕು ಸಲ ಬಂದು ಹೋದರು. ಪ್ರತಿ ಸಲವೂ ಅವನು ಬಾವಿಯ ಬಗ್ಗೆ ಇನ್ನೊಂದಿಷ್ಟು ವಿವರ ಹೇಳುತ್ತಿದ್ದ; ನಾಲ್ಕನೆಯ ಸಲದ ಹೊತ್ತಿಗೆ ತಂಗಿಯ ಜಡೆಯ ಟೇಪಿನ ಬಣ್ಣವೂ ಅವನಿಗೆ ನೆನಪಿತ್ತು.

ಮೃಣಾಲಿನಿಯವರನ್ನು ಸಂಶೋಧನೆಯಿಂದ ದೂರ ಇಟ್ಟರು. ಕಚೇರಿ ಮುಚ್ಚಿತು. ಉಳಿದವರಿಗೆಲ್ಲ ಸತ್ಯ ಹೇಳುವ ಕೆಲಸ ಆಶಾರಾಣಿಯದಾಯಿತು. ಯಾರೂ ಒತ್ತಾಯಿಸಲಿಲ್ಲ, ಅವಳೇ ಕೇಳಿ ತೆಗೆದುಕೊಂಡಳು. ಕೆಲವರು ಬೈದು ಕಳಿಸಿದರು. ಕೆಲವರು ನಕ್ಕು, ‘ನಾನು ಅವತ್ತೇ ಯೋಳ್ಲಿಲ್ವಾ, ಬಾವಿ ಗೀವಿ ಇಲ್ಲ ಅಂತ’ ಎಂದರು. ಅಂಥವರ ಮನೆಯಿಂದ ಹೊರಬಂದಾಗ ಅವಳಿಗೆ ಕಾಲು ಹಗುರವಾಗುತ್ತಿತ್ತು.

ಯಳಂದೂರಿನ ಚಿಕ್ಕಸಿದ್ದಯ್ಯ ಪಟ್ಟಿಯಲ್ಲಿ ಇಪ್ಪತ್ತೊಂದನೆಯವನು. ನಿವೃತ್ತ ಬಸ್ ಕಂಡಕ್ಟರ್. ಎರಡನೆಯ ಭೇಟಿಯವರೆಗೂ ಅವನು ಬಾವಿಯನ್ನು ಒಪ್ಪಿರಲಿಲ್ಲ. ಮೂರನೆಯದು ಆಗುವ ಮೊದಲೇ ಅಧ್ಯಯನ ನಿಂತಿತ್ತು. ಹಾಗಾಗಿ ಅವಳು ನಿರಾಳವಾಗಿಯೇ ಹೋದಳು. ಅವನು ಕುರ್ಚಿ ಹಾಕಿಸಿ, ಕಾಫಿ ಕೊಡಿಸಿ, ಅವಳು ಹೇಳಿದ್ದನ್ನೆಲ್ಲ ಕೊನೆಯವರೆಗೂ ಕೇಳಿದ. ಆಮೇಲೆ ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ, ಮುಂಗಾಲಿನ ಮೇಲಿದ್ದ ಉದ್ದನೆಯ ಕಲೆ ತೋರಿಸಿದ.

“ಹಂಗಾದ್ರೆ ಇದೇನು ಮೇಡಂ? ಬಾವಿ ಕಲ್ಲು ತಗುಲಿದ್ದು ಇದು.”

ಆಶಾರಾಣಿ ಹಾಳೆ ತಿರುವಿ ನೋಡಿದಳು. ಮೊದಲ ಭೇಟಿಯಲ್ಲಿ ಅವನೇ ಹೇಳಿದ್ದು ಅಲ್ಲಿತ್ತು: ಸೈಕಲ್ ಚೈನಿಗೆ ಸಿಕ್ಕಿ ಮುಂಗಾಲು ಸೀಳಿದ್ದು, ಹದಿನಾರನೆಯ ವಯಸ್ಸಿನಲ್ಲಿ. ಅದನ್ನು ಅವನಿಗೆ ಓದಿ ಹೇಳಿದಳು. ಅವನು ಒಂದು ಗಳಿಗೆ ಗೊಂದಲಕ್ಕೆ ಬಿದ್ದವನಂತೆ ಕಂಡ. ಆಮೇಲೆ ನಕ್ಕ.

“ಹಂಗೆ ಅನ್ಕಂಡಿದ್ದೆ ಮೇಡಂ, ಅಷ್ಟು ದಿನಾನೂ. ನೀವು ಬಂದು ಕೇಳುದ್ಮೇಲೆ ತಾನೇ ಗೊತ್ತಾಗಿದ್ದು.”

“ಬೇರೆ ಯಾರಿಗಾದರೂ ಹೇಳಿದ್ದೀರಾ ಇದನ್ನ?”

“ಎಲ್ರಿಗೂ ಹೇಳಿವ್ನಿ. ಯಾರು ಎತ್ತುದ್ರು ಅನ್ನೋದೊಂದು ಸರಿಯಾಗಿ ಬರ್ತಿಲ್ಲ. ಬತ್ತದೆ, ದಿನಾ ಕಣ್ಣು ಮುಚ್ಕಂಡು ಕೂತ್ಕತೀನಲ್ಲ.”

ಆಶಾರಾಣಿ ಚೀಲವನ್ನು ಹೆಗಲಿನಿಂದ ಇಳಿಸಿ ನೆಲದ ಮೇಲಿಟ್ಟಳು. ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡು, ಮತ್ತೆ ಮೊದಲಿನಿಂದ, ನಿಧಾನವಾಗಿ ಹೇಳತೊಡಗಿದಳು. ಅವನು ಸೌಜನ್ಯದಿಂದ ತಲೆಯಾಡಿಸುತ್ತ ಕೇಳುತ್ತಿದ್ದ. ಅವನ ಹೆಬ್ಬೆರಳು ಕಾಲಿನ ಕಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಲೇ ಇತ್ತು.